ಅಯಸ್ಕಾಂತದ ಮಂಡಿಪಟ್ಟಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಕೆ.ಆರ್. ಪುರದ ಆಚೆ ಒಂದು ತೋಟದಲ್ಲಿ ಕಾವಲುಗಾರ. ತೋಟದ ನಡುವೆ ಹಿತ್ತಾಳೆ ಮೊಳೆ ಹೊಡೆದು ಕಟ್ಟಿದ ಮರದ ಕೋಣೆ. ಅದರೊಳಗೆ ಒಬ್ಬ ಸಂಶೋಧಕಿ ಮೇಡಂ ಕಾಂತಮಾಪಕವೊಂದನ್ನು ಪರೀಕ್ಷಿಸುತ್ತಿದ್ದರು. ಅದನ್ನು ಹಡಗಿನಲ್ಲಿ ಒಯ್ದು ಸಮುದ್ರದ ತಳಕ್ಕೆ ಇಳಿಸಬೇಕಿತ್ತು.

"ಅಲ್ಲಿ ಕೂತು ಅದೇನ್ ಮಾಡುತ್ತೆ ಮೇಡಂ?"

"ಭೂಮಿಯ ಕಾಂತಕ್ಷೇತ್ರ ಸಣ್ಣದಾಗಿ ಏರಿಳೀತಿರುತ್ತೆ ಯಜಮಾನ್ರೇ, ಅದನ್ನ ಬರ್ಕೊಳ್ಳುತ್ತೆ. ತುಂಬಾ ಆಳದಿಂದ ಬಿಸಿ ಕಲ್ಲು ಮೇಲಕ್ಕೆ ಬರ್ತಿದ್ರೆ ಆ ಏರಿಳಿತದಲ್ಲೇ ಸುಳಿವು ಸಿಗುತ್ತೆ."

"ಮುಚ್ಚಳ ತೆಗೀದೇ ಹಾಲು ಉಕ್ತಿದೆ ಅಂತ ಹೇಳೋ ಹಾಗೆ."

"ಹೂಂ, ಹಾಗೇ."

ಕಬ್ಬಿಣ ಹತ್ತಿರ ಬಂದರೆ ಮಾಪಕದ ಲೆಕ್ಕ ತಪ್ಪುತ್ತದೆಂದು ಒಳಗೆ ಹೋಗುವವರು ಬೀಗದಕೈ, ಬೆಲ್ಟು ಎಲ್ಲ ಗೇಟಿನಲ್ಲೇ ಬಿಡಬೇಕು. ತಡಕುವವನು ನಾನೇ. "ನಿಮ್ಮ ಹತ್ರ ಕಬ್ಬಿಣ ಏನೂ ಇಲ್ಲ ತಾನೇ?" ಎಂದು ಮೇಡಂ ಕೇಳಿದರೆ "ಒಂದು ಮೊಳೇನೂ ಇಲ್ಲ" ಎನ್ನುತ್ತಿದ್ದೆ. ಕಬ್ಬಿಣ ಇರಲಿಲ್ಲ, ನಿಜ. ಮಂಡಿನೋವಿಗೆ ರಸೆಲ್ ಮಾರುಕಟ್ಟೆ ಹತ್ತಿರ ಕೊಂಡ ಅಯಸ್ಕಾಂತದ ಪಟ್ಟಿ ಪ್ಯಾಂಟಿನೊಳಗಿತ್ತು.

ಆಗ ಹಲಸೂರಿನ ನಮ್ಮ ಬೀದಿಗೆಲ್ಲ ಅಯಸ್ಕಾಂತದ ಹಾಸಿಗೆಯ ಹುಚ್ಚು. ನಾವೂ ಕೊಳ್ಳೋಣ ಎಂದ ಹೆಂಡತಿಗೆ, "ಪೆದ್ದರು ಮಲಗೋ ಹಾಸಿಗೆ ಕಣೇ ಅದು" ಎಂದು ಅಕ್ಕಪಕ್ಕದವರಿಗೂ ಕೇಳುವಂತೆ ಬುದ್ಧಿ ಹೇಳಿದ್ದೆ. ಪಟ್ಟಿಯ ಸುದ್ದಿ ಇನ್ನು ಯಾರಿಗೆ ಹೇಳಲಿ?

ಮಾಪಕ ಹಾಳೆಯ ಮೇಲೆ ಎಳೆಯುವ ಗೆರೆ ದಿನಕ್ಕೆರಡು ಸಲ ಗುಡ್ಡದಂತೆ ಏಳತೊಡಗಿತು. ಮೇಡಂ ಪೆಟ್ಟಿಗೆ ಬಿಚ್ಚಿದರು, ತಂತಿ ಬದಲಿಸಿದರು. ಪಕ್ಕದ ತೋಟದ ಪಂಪ್‌ಸೆಟ್ ಮೇಲೆ ಅನುಮಾನಪಟ್ಟು ನನ್ನನ್ನು ಕಳಿಸಿದರು. ನಾನು ಹೋಗಿ ಜಗಳವಾಡಿ ಅದನ್ನೂ ನಿಲ್ಲಿಸಿ ಬಂದೆ. ಕೊನೆಗೊಂದು ದಿನ ಅವರು ಹಾಳೆ ತೋರಿಸಿದರು. ಗುಡ್ಡಗಳು ಹನ್ನೊಂದಕ್ಕೆ ಮತ್ತು ನಾಲ್ಕಕ್ಕೆ, ನಾನು ಕಾಫಿ ಒಯ್ಯುವ ಹೊತ್ತಿಗೆ.

ಮಾರನೆಯ ದಿನ ಪಟ್ಟಿಯನ್ನು ಮನೆಯಲ್ಲೇ ಬಿಟ್ಟುಬಂದೆ. ಗುಡ್ಡ ಮಾಯವಾಯಿತು. ಎಲ್ಲ ಮುಗಿಯಿತು ಎಂದುಕೊಂಡೆ. ಮೇಡಂ ಮುಖ ಮಾತ್ರ ಇನ್ನೂ ಸಣ್ಣಗಾಗಿತ್ತು.

"ಯಾಕೆ ಬಂತು, ಯಾಕೆ ಹೋಯ್ತು ಗೊತ್ತಿಲ್ದೆ ಇದನ್ನ ಕಳ್ಸೋ ಹಾಗಿಲ್ಲ. ಶುಕ್ರವಾರ ಲಾರಿ ಬರುತ್ತೆ. ಹಡಗು ನಮಗೋಸ್ಕರ ಕಾಯಲ್ಲ."

ಅದು ಸೋಮವಾರ. ನಾನು ಬಾಯಿ ಬಿಟ್ಟದ್ದು ಗುರುವಾರ. ಆ ಮೂರು ದಿನ ಮುಚ್ಚಿಟ್ಟದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೇಡಂ ಬೈಯಲಿಲ್ಲ. ನನ್ನಿಂದಲೇ ಮನೆಯಿಂದ ಪಟ್ಟಿ ತರಿಸಿ, ಕಟ್ಟಿಸಿ, ಬಿಚ್ಚಿಸಿ, ಕೋಣೆಯೊಳಗೆ ಇಪ್ಪತ್ತು ಸಲ ನಡೆಸಿದರು. ಕಟ್ಟಿದಾಗಲೆಲ್ಲ ಗುಡ್ಡ ಎದ್ದಿತು.

"ನೋವಾದ್ರೂ ಕಮ್ಮಿ ಆಯ್ತಾ?"

"ಇಲ್ಲ ಮೇಡಂ. ಈಗ ನಡೆದು ಜಾಸ್ತಿ ಆಗಿದೆ."

"ವರದೀಲಿ ಕಾರಣ ಬರೀಬೇಕು."

"ಹೆಸರು ಬೇಡ ಮೇಡಂ, ಮನೇಲಿ ಗೊತ್ತಾಗುತ್ತೆ."

"ಮಂಡಿ ಅಂತಷ್ಟೇ ಬರೀತೀನಿ."

ಶುಕ್ರವಾರ ಪೆಟ್ಟಿಗೆ ಲಾರಿ ಹತ್ತಿತು. ಪೆಟ್ಟಿಗೆ ಎತ್ತಲು ಕೈಜೋಡಿಸಹೋದ ನನ್ನನ್ನು ಮೇಡಂ ಗೇಟಿನ ಹತ್ತಿರವೇ ನಿಲ್ಲಿಸಿದರು.