ಅಮ್ಮ ಒರಗಿದ ಗೋಡೆ

ಊರಿನ ಮನೆಗಳಿಗೆಲ್ಲ ಬಣ್ಣ ಹೊಡೆಯುವ ಬಣ್ಣದಕ್ಕನ ಬಾಡಿಗೆ ಮನೆ ಮಾತ್ರ ಬಣ್ಣ ಕಂಡು ಎಷ್ಟೋ ಕಾಲವಾಗಿತ್ತು. ಬೀದಿಯವರು ಚುಡಾಯಿಸಿದರೆ "ಪುರುಸೊತ್ತಿಲ್ಲ" ಎಂದು ನಕ್ಕುಬಿಡುತ್ತಿದ್ದಳು. ಅದು ಹಸಿಸುಳ್ಳು. ಕಿಟಕಿಯ ಪಕ್ಕದ ಗೋಡೆಯಲ್ಲಿ, ತೀರಿಕೊಂಡ ತಾಯಿ ಕೆಮ್ಮುತ್ತ ದಿನವಿಡೀ ತಲೆಯಾನಿಸಿ ಕೂರುತ್ತಿದ್ದ ಕಡೆ, ತಟ್ಟೆಯಗಲದ ಎಣ್ಣೆ ಕಲೆಯಿತ್ತು. ಅಮ್ಮನದೆಂದು ಉಳಿದಿದ್ದು ಅದೊಂದೇ. ಫೋಟೊ ಎಂದರೆ ಆ ಮುದುಕಿಗೆ ಆಗುತ್ತಲೇ ಇರಲಿಲ್ಲ.

ಆ ವರ್ಷ ಅವಳಿಗೆ ನಿಜಕ್ಕೂ ಪುರುಸೊತ್ತಿಲ್ಲದಂತಾಯಿತು. ಸರಿಯಾದ ಕಾರಣವಿಲ್ಲದೆ ಬಾಡಿಗೆದಾರರಿಂದ ಮನೆ ಬಿಡಿಸಬಾರದು ಎಂಬ ಕಾನೂನು ತರುವ ಮಾತು ಸರ್ಕಾರದಲ್ಲಿ ನಡೆದಿತ್ತು. ಇನ್ನೂ ಬರೀ ಮಾತು. ಅದು ಬರುವುದರೊಳಗೆ ಖಾಲಿ ಮಾಡಿಸಿಬಿಡೋಣವೆಂದು ಮಾಲೀಕರೆಲ್ಲ ತುದಿಗಾಲಲ್ಲಿ ನಿಂತರು. ಬಡವರನ್ನು ಕಾಯಲು ಹೊರಟ ಕಾನೂನು, ಹುಟ್ಟುವ ಮೊದಲೇ ಅವರನ್ನು ಬೀದಿಗೆ ತಂದಿತು ನೋಡಿ! ಹೋದವರ ಹಿಂದೆಯೇ ಬಣ್ಣದಕ್ಕನಿಗೆ ಕರೆ.

ಮನೆಮನೆಯಲ್ಲೂ ಯಾರದೋ ತಲೆಯ ಕಲೆ. ಎಣ್ಣೆ ಕಲೆಯ ಮೇಲೆ ಬರೀ ಬಣ್ಣ ಹೊಡೆದರೆ ತಿಂಗಳೊಪ್ಪತ್ತಿನಲ್ಲಿ ಅದು ಮತ್ತೆ ಮೇಲೇಳುತ್ತದೆ. ಮೊದಲು ವಾರ್ನಿಷ್ ಬಳಿದು ಅದರ ಬಾಯಿ ಮುಚ್ಚಬೇಕು. ವಾರ್ನಿಷ್ ಬಳಿಯುವಾಗಲೆಲ್ಲ ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಗಿ ಅವಳ ಮೈ ಜುಮ್ಮೆನ್ನುತ್ತಿತ್ತು. ತಿರುಗಿದರೆ ಖಾಲಿ ಕೋಣೆ. "ತಪ್ಪು ತಿಳೀಬೇಡಿ, ಹೊಟ್ಟೆಪಾಡು" ಎಂದು ಗೋಡೆಗೆ ಹೇಳಿಯೇ ಬ್ರಷ್ ಅದ್ದುತ್ತಿದ್ದಳು. ಆದರೂ ಆ ಕೆಮ್ಮು ಅವಳ ಜೊತೆ ಮನೆಯವರೆಗೂ ಬರತೊಡಗಿತು.

ಒಂದು ಬೆಳಗ್ಗೆ ಅವಳ ಮನೆಯ ಮಾಲೀಕರೇ ಬಾಗಿಲಿಗೆ ಬಂದರು. ಮುಖ ಕೊಟ್ಟು ಮಾತಾಡಲಾಗದೆ ಹೊಸ್ತಿಲನ್ನೇ ನೋಡುತ್ತಿದ್ದರು.

"ಕಾನೂನು ಬಂದುಬಿಟ್ರೆ ನನ್ನ ಕೈ ಕಟ್ಟಿಹಾಕಿದ ಹಾಗಾಗುತ್ತಮ್ಮ. ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಕೊಡು."

"ನಾನೇನು ತಪ್ಪು ಮಾಡ್ದೆ ಯಜಮಾನ್ರೇ?"

"ಏನೂ ಇಲ್ಲ. ಅದಕ್ಕೇ ಈಗ್ಲೇ ಹೇಳ್ತಿರೋದು." ಗೋಡೆಗಳತ್ತ ಕಣ್ಣು ಹಾಯಿಸಿ, "ಹೋಗೋ ಮುಂಚೆ ಬಣ್ಣಾನೂ ನೀನೇ ಹೊಡ್ಕೊಡ್ತೀಯಾ? ನಿನ್ನಷ್ಟು ಚೆನ್ನಾಗಿ ಇನ್ಯಾರು ಮಾಡ್ತಾರೆ?" ಎಂದರು.

ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ಆ ಗೋಡೆ ಬೇರೆಯವರ ಕೈಗೆ ಸಿಕ್ಕರೆ? "ಆಗ್ಲಿ" ಅಂದಳು.

ಸಾಮಾನೆಲ್ಲ ಸಾಗಿಸಿದ ಮೇಲೆ ಬ್ರಷ್ ಹಿಡಿದಳು. ಕಿಟಕಿಯ ಬಳಿ ಬರುತ್ತಲೇ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಈ ಸಲ ಅದು ಯಾರದೆಂದು ಗೊತ್ತಿತ್ತು, ತಿರುಗಲಿಲ್ಲ. ಅಳು ಒತ್ತರಿಸಿಕೊಂಡು ಬಂತು. ಕಲೆ ಕಾಣದಂತೆ ನುಣ್ಣಗೆ ಬಣ್ಣ ಎಳೆದಳು. ವಾರ್ನಿಷ್ ಡಬ್ಬಿಯ ಮುಚ್ಚಳವನ್ನು ಮಾತ್ರ ತೆಗೆಯಲೇ ಇಲ್ಲ.

"ಸ್ವಲ್ಪ ದಿನ ಸುಮ್ನಿರಮ್ಮ," ಎಂದು ಗೋಡೆಗೆ ಪಿಸುಗುಟ್ಟಿದಳು. "ಆಮೇಲೆ ಯಾರೇ ಬರ್ಲಿ, ನಿನ್ನ ಜಾಗ ನೀನು ಬಿಡ್ಬೇಡ."