ಕೂಸಿನ ತೂಕ ಹೇಳಬ್ಯಾಡ ಅಂದಳು ಅವ್ವ

ಎಂಟು ತಿಂಗಳು ತುಂಬಿದ ಮೇಲೆ ಕಲಬುರಗಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು. ನನಗೆ ಶುಗರ್ ಇತ್ತು. ಡಾಕ್ಟರ್ ಮೇಡಂ ಪರದೆ ನೋಡುತ್ತ ಮತ್ತೊಮ್ಮೆ ಅಳತೆ ತೆಗೆದರು.

"ಕೂಸು ಭಾಳ ದೊಡ್ಡದದ. ದಿನ ತುಂಬೋದ್ರಾಗ ನಾಕು ಕಿಲೋ ದಾಟಬಹುದು. ಸ್ಕ್ಯಾನಿನ ಅಂದಾಜು ಹೆಚ್ಚುಕಡಿಮಿ ಆಗ್ತದ, ಆದ್ರ ಭುಜ ಸಿಕ್ಕೊಂಡ್ರ ಕಷ್ಟ. ನೋವು ಬಂದ್ರ ಸೀದಾ ಇಲ್ಲಿಗೇ ಬರ್ರಿ."

ಹೊರಗೆ ಬಂದೊಡನೆ ಅವ್ವ ಕೈ ಹಿಡಿದಳು. "ಯಾರ ಮುಂದೂ ತೂಕದ ಮಾತು ಎತ್ತಬ್ಯಾಡ. ದೃಷ್ಟಿ ತಾಗ್ತದ."

ಚೊಚ್ಚಲ ಹೆರಿಗೆಗೆಂದು ತವರೂರು ಕಮಲಾಪುರಕ್ಕೆ ಬಂದಿದ್ದೆ. ಓಣಿಯ ಹೆಂಗಸರು ಹೊಟ್ಟೆ ನೋಡಿ ಕೇಳಿದಾಗೆಲ್ಲ ಅವ್ವ, "ಏ, ಬರೇ ನೀರು ತುಂಬೇದ, ಕೂಸು ಇಷ್ಟೇ ಇಷ್ಟು" ಎನ್ನುತ್ತಿದ್ದಳು. ನನಗೂ ನಗು ಬರುತ್ತಿತ್ತು.

ದಿನ ತುಂಬುವ ಮೊದಲೇ ನೋವು ಬಂತು. ಅದರ ಭರಕ್ಕೆ ಹೆದರಿ ಊರಿನ ಆಸ್ಪತ್ರೆಗೇ ಹೋದೆವು.

"ಸ್ಕ್ಯಾನಿಂಗಿನಾಗ ಏನರೆ ತೊಂದ್ರಿ ಅಂದಾರೇನ್ರಿ?" ಸಿಸ್ಟರ್ ಕೇಳಿದರು.

"ಏನಿಲ್ರೀ. ಸಣ್ಣ ಕೂಸದ" ಅಂದಳು ಅವ್ವ.

ಲೇಬರ್ ರೂಮಿನ ಬಾಗಿಲಲ್ಲೂ ಅದೇ ಮಾತು!

ಓಣಿಯ ಕಣ್ಣಿಗೆ ಹೆದರಿ ಹೇಳುತ್ತ ಬಂದ ಸುಳ್ಳು ಅವಳ ನಾಲಿಗೆಗೆ ಎಷ್ಟು ರೂಢಿಯಾಗಿತ್ತೆಂದರೆ, ಎದುರಿಗಿರುವವರು ಯಾರೆಂಬುದನ್ನೂ ಅವಳು ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಸುಳ್ಳದರೀ ಸಿಸ್ಟರ್! ನಾಕು ಕಿಲೋ ದಾಟ್ತದ ಅಂದಾರ. ಭುಜ ಸಿಕ್ಕೋಬಹುದು ಅಂದಾರ!" ಎಂದು ಚೀರಿದೆ. ಅವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. ಸಿಸ್ಟರ್ ಆ ಕೈ ಸರಿಸಿ ಆಂಬುಲೆನ್ಸ್ ಕರೆಸಿದರು. ಕಲಬುರಗಿಗೂ ಫೋನ್ ಮಾಡಿದರು.

ಅಲ್ಲಿ ತಲುಪಿದಾಗ ಆಪರೇಷನ್‌ಗೆ ಹೊತ್ತು ಉಳಿದಿರಲಿಲ್ಲ. ಆದರೆ ಎಲ್ಲರೂ ಸಜ್ಜಾಗಿ ನಿಂತಿದ್ದರು. ತಲೆ ಬಂತು. ಭುಜ ಬರಲಿಲ್ಲ. ಇಬ್ಬರು ನನ್ನ ಕಾಲು ಮಡಚಿ ಹೊಟ್ಟೆಯ ಕಡೆಗೆ ಒತ್ತಿ ಹಿಡಿದರು, ಮೇಡಂ ಒಳಗೆ ಕೈ ಹಾಕಿ ಕೂಸನ್ನು ತಿರುಗಿಸಿ ಹೊರತೆಗೆದರು.

ಕೂಸು ಅಳಲಿಲ್ಲ.

ಆಮೇಲೆ ಅತ್ತಿತು. ನಾನೂ ಅತ್ತೆ. ಆದರೆ ಅದರ ಎಡಗೈ ಜೋತುಬಿದ್ದಿತ್ತು.

"ನರ ಜಗ್ಗೇದ. ಭಾಳ ಮಕ್ಕಳಿಗೆ ಸುಧಾರಿಸ್ತದ, ಕಾಯಬೇಕು" ಎಂದರು ಮೇಡಂ. "ಮೊದಲೇ ಗೊತ್ತಾಗಿದ್ದಕ್ಕ ತಯಾರಿ ಮಾಡ್ಕೊಂಡ್ವಿ. ಇಲ್ಲಾಂದ್ರ ಜೀವಕ್ಕೇ ಬರ್ತಿತ್ತು."

ಫಿಸಿಯೋಥೆರಪಿಗೆ ಓಡಾಡುತ್ತಿದ್ದೇವೆ. ಅವ್ವನ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಅವಳ ಹೆದರಿಕೆಯೆಲ್ಲ ನನ್ನ ಕೂಸಿಗಾಗಿಯೇ ಎಂಬುದು ಗೊತ್ತಿದ್ದೂ ಇದೆ. ಹೆರಿಗೆಯಾದಂದಿನಿಂದ ಅವಳು ಅಡುಗೆ, ಬಟ್ಟೆ, ನೀರು ಎಲ್ಲ ಮಾಡುತ್ತಾಳೆ, ನನ್ನ ಮಗನನ್ನು ಮಾತ್ರ ತಾನಾಗಿ ಎತ್ತಿಕೊಳ್ಳುವುದಿಲ್ಲ.

ಮೊನ್ನೆ ಅವನು ಎಡಮೊಣಕೈ ಮಡಚಿ ಮುಷ್ಟಿಯನ್ನು ಬಾಯಿಗೆ ತಂದುಕೊಂಡ.

"ಯವ್ವಾ, ಬಾ ಇಲ್ಲಿ!" ಎಂದು ಕೂಗಿದೆ. ಓಡಿ ಬಂದವಳು ಬಾಗಿಲಲ್ಲೇ ನಿಂತಳು. ನಾನೇ ಎದ್ದು ಹೋಗಿ ಮಗನನ್ನು ಅವಳ ಕೈಗೆ ಕೊಟ್ಟೆ.