ಓಣಿ ತಿರುಗುವ ಸದ್ದು

ಮೊನ್ನೆ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಮುರುಗಮಲ್ಲದ ಬಸ್ಸಿಗೆ ಕಾಯುತ್ತಿದ್ದಾಗ ಹಳೆಯ ಬೈಕೊಂದು ನೀಲಿ ಹೊಗೆ ಬಿಟ್ಟುಕೊಂಡು ಎದುರಿಗೇ ಹಾದುಹೋಯಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುತ್ತಿದ್ದ ಕಾಲದ ಬೈಕು. ಸುತ್ತಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಆ ಸುಟ್ಟ ಎಣ್ಣೆಯ ವಾಸನೆಯನ್ನು ಎಳೆದುಕೊಳ್ಳುತ್ತ ನಿಂತೆ... ಶಿಡ್ಲಘಟ್ಟದ ಪಕ್ಕದ ಮನೆಯ ಸಾಹೇಬರು ನೆನಪಾದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಶಿಡ್ಲಘಟ್ಟದ ಶಾಲೆಯಲ್ಲಿ ನನಗೆ ಕೆಲಸ. ಮದುವೆಯಾಗಿರಲಿಲ್ಲ; ನನ್ನವರೆಂಬವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಬಾಡಿಗೆಯ ಕೋಣೆ, ಒಂದು ಮೋಟುಗೋಡೆ, ಅದರಾಚೆ ಸಾಹೇಬರ ಅಂಗಳ. ರೇಷ್ಮೆ ನೂಲು ತೆಗೆಸುವ ಕಸುಬು ಅವರದು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ವಾರವಿಡೀ ಯಾರೊಂದಿಗೂ ಹೆಚ್ಚು ಮಾತಾಡದವರು ಭಾನುವಾರ ಬೆಳಿಗ್ಗೆ ಗೋಣಿಚೀಲ ಹಾಸಿಕೊಂಡು ಬೈಕಿನ ಮುಂದೆ ಕೂತುಬಿಡುತ್ತಿದ್ದರು.

ರಸ್ತೆಗೆಂದು ಮಾಡಿದ ಬೈಕನ್ನು ಅವರು ಬೆಟ್ಟ ಹತ್ತಲು ಒಗ್ಗಿಸುತ್ತಿದ್ದರು. ಹಳ್ಳದ ನೀರು ನುಗ್ಗದಂತೆ ಸೈಲೆನ್ಸರನ್ನು ಸೀಟಿನ ಪಕ್ಕಕ್ಕೆ ಎತ್ತಿ ಕಟ್ಟಿದರು. ಕೆಸರು ಸಿಕ್ಕಿಕೊಳ್ಳದಿರಲೆಂದು ಮುಂದಿನ ಮಡ್ಗಾರ್ಡನ್ನು ಮೇಲಕ್ಕೇರಿಸಿದರು. ಹಿಂದಿನ ಚಕ್ರಕ್ಕೆ ಚೈನು ಕೂರುವ ದೊಡ್ಡ ಹಲ್ಲುಚಕ್ರ, ಸ್ಪ್ರಾಕೆಟ್, ಕೂರಿಸಿ, "ಸ್ಪೀಡ್ ಕಮ್ಮಿ ಆಗ್ತದೆ ಟೀಚರಮ್ಮ, ಎಳೆಯೋ ಶಕ್ತಿ ಬರ್ತದೆ" ಎಂದರು. ಬೆಂಗಳೂರಿನಿಂದ ಗಂಟುಗಂಟಾದ ಟೈರು ತಂದರು. ಏರ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು, ಎಣ್ಣೆಯಲ್ಲಿ ಅದ್ದಿ, ಮೆತ್ತಗೆ ಹಿಂಡುತ್ತಿದ್ದರು. ಹಿಂದಿನ ಸೀಟನ್ನೂ ಫುಟ್‌ರೆಸ್ಟನ್ನೂ ಸಲೀಸಾಗಿ ಬಿಚ್ಚಿದವರು ಸೀರೆ ಗಾರ್ಡಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಸುಮ್ಮನೆ ಕೂತುಬಿಟ್ಟರು. ಅವತ್ತು ಅದು ಹಾಗೇ ಉಳಿಯಿತು. ಮುಂದಿನ ಭಾನುವಾರ ನೋಡಿದಾಗ ಇರಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ದಿಬ್ಬೂರಹಳ್ಳಿ ಕಡೆಯ ಬೆಟ್ಟಗಳಿಗೆ ಹೋಗುತ್ತಿದ್ದರು. "ಒಬ್ಬರೇ ಹೋಗ್ತೀರಲ್ಲ, ಬೇಜಾರಾಗಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಬೆಟ್ಟದಲ್ಲಿ ಒಂಟಿ ಅನ್ಸಲ್ಲ ಟೀಚರಮ್ಮ. ಮನೇಲೇ ಕಷ್ಟ."

ದೀಪ ಹಚ್ಚುವ ಮೊದಲು ಮರಳುತ್ತಿದ್ದರು. ಇಂಜಿನ್ನಿನ ಸದ್ದು ಓಣಿ ತಿರುಗಿದಾಗ ನಾನು ಸ್ಟೌವ್ ಹಚ್ಚಿ ಚಹಾಕ್ಕಿಡುತ್ತಿದ್ದೆ. ಅವರಿಗಲ್ಲ, ನನಗೇ. ಆದರೂ ಆ ಸದ್ದು ಬಾರದೆ ಇಡುತ್ತಿರಲಿಲ್ಲ. ಯಾಕೋ... ಹಾಗೆ ಅಭ್ಯಾಸವಾಗಿತ್ತು.

ಒಂದು ಭಾನುವಾರ ಬೀದಿದೀಪ ಹತ್ತಿಕೊಂಡರೂ ಸದ್ದು ಬರಲಿಲ್ಲ. ಮನೆ ಮಾಲೀಕರಿಗೆ ಹೇಳಿದೆ.

"ಬರ್ತಾರೆ ಬಿಡಮ್ಮ, ಗಂಡಸು," ಎಂದರು. ನನ್ನ ಮುಖ ನೋಡಿ ಏನನ್ನಿಸಿತೋ, ಷರಟು ಹಾಕಿಕೊಂಡು ಹೋಗಿ ಗುರುತಿನವರ ಜೀಪು ತಂದರು. ನಾನೂ ಹತ್ತಿದೆ. ಬೆಟ್ಟದ ಬುಡದಲ್ಲಿ ಕುರಿ ಹೊಡೆದುಕೊಂಡು ಮನೆಗೆ ಹೊರಟಿದ್ದ ಮುದುಕನೊಬ್ಬ ಜೀಪಿನ ದೀಪದ ಬೆಳಕಿನಲ್ಲಿ ಮಣ್ಣಿನ ಮೇಲಿನ ಅಚ್ಚು ತೋರಿಸಿದ. "ಈ ಗಂಟು ಟೈರು ಸಾಹೇಬ್ರದೇ ಕಣಮ್ಮ. ಇಂಗೇ ಹೋದ್ರು."

ಅಚ್ಚು ಹಿಡಿದು ಹೋದರೆ ಕೊರಕಲಿನಲ್ಲಿ ಬೈಕು ಅಡ್ಡಬಿದ್ದಿತ್ತು. ಅವರ ಬಲಗಾಲು ಅದರಡಿ. ಪ್ರಜ್ಞೆಯಿತ್ತು. ಬೈಕು ಎತ್ತುವಾಗ ನರಳಿದರು. ಜೀಪಿನಲ್ಲಿ ಮಲಗಿಸಿದ ಮೇಲೆ ಕೇಳಿದರು:

"ನಾನು ಬಂದಿಲ್ಲ ಅಂತ ಯಾರಿಗೆ ಗೊತ್ತಾಯ್ತು?"

"ನನಗೆ. ಸದ್ದು ಕೇಳಲಿಲ್ಲ."

ಅವರು ಮುಖ ಆಚೆ ತಿರುಗಿಸಿಕೊಂಡರು. ಭುಜ ಅಲುಗುತ್ತಿತ್ತು. ನೋವಿಗಿರಬಹುದು ಎಂದುಕೊಂಡೆ.

ಮೂಳೆ ಕೂಡಿತು, ಪಾದ ಮಾತ್ರ ಮೊದಲಿನಂತೆ ಮಡಚಲಿಲ್ಲ. ಬೈಕಿನ ಕಿಕ್ಕರ್ ಇದ್ದದ್ದು ಬಲಗಡೆ. ಓಡಿಸುವ ಮಾತೇ ಇರಲಿಲ್ಲ. ಆದರೂ ಬಗ್ಗಿದ್ದ ಹ್ಯಾಂಡಲ್ ನೆಟ್ಟಗೆ ಮಾಡಿಸಿದರು. ಭಾನುವಾರ ಗೋಣಿಚೀಲ ಹಾಸಿ ಚೈನಿಗೆ ಎಣ್ಣೆ ಬಿಟ್ಟರು, ಫಿಲ್ಟರ್ ತೊಳೆದರು. ಆಮೇಲೆ ತುಂಬ ಸಂಕೋಚದಿಂದ, "ಟೀಚರಮ್ಮ, ಒಂದ್ ಕಿಕ್ ಹೊಡೀತೀರಾ? ಸ್ಟಾರ್ಟ್ ಮಾಡ್ದೆ ಬಿಟ್ರೆ ಇಂಜಿನ್ ಹಾಳಾಗ್ತದೆ" ಎಂದರು.

ಸೆರಗು ಸಿಕ್ಕಿಸಿಕೊಂಡು ತುಳಿದೆ. ಕಿಕ್ಕರ್ ತಿರುಗಿ ಮೊಣಕಾಲಿಗೆ ಬಡಿಯಿತು. "ಅಯ್ಯೋ, ಪೂರ್ತಿ ಕೆಳಗಿನ ತನಕ ತುಳೀಬೇಕಮ್ಮ!" ಮತ್ತೆ ಮತ್ತೆ ತುಳಿದೆ. ಕೊನೆಗೆ ಇಂಜಿನ್ ಹತ್ತಿಕೊಂಡಿತು. ಅಂಗಳವೆಲ್ಲ ಹೊಗೆ. ಅವರು ಗೋಡೆಗೊರಗಿ, ಕಣ್ಣು ಮುಚ್ಚಿ ಕೇಳುತ್ತ ಕೂತರು. ಅವರು ಕೈ ಎತ್ತುವವರೆಗೂ ನಾನು ಆಫ್ ಮಾಡಲಿಲ್ಲ. ಆಮೇಲೆ ಪ್ರತಿ ಭಾನುವಾರವೂ ಅದು ನನ್ನ ಕೆಲಸವಾಯಿತು.

ಗೌರಿಬಿದನೂರಿಗೆ ವರ್ಗವಾದಾಗ ಹೇಳಲು ಹೋದೆ. "ಒಳ್ಳೇದಾಗ್ಲಿ, ಹೋಗ್ಬನ್ನಿ" ಎಂದರು. ಇಂಜಿನ್ನಿನ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸು ಊರು ದಾಟುವಾಗ ಅಳು ಬಂತು.

ಅವರು ತೀರಿಕೊಂಡ ಸುದ್ದಿ ಎಷ್ಟೋ ಕಾಲದ ಮೇಲೆ ಮನೆ ಮಾಲೀಕರಿಂದ ತಿಳಿಯಿತು. "ಬೈಕ್ ಒರೆಸೋದು ಕೊನೇವರ್ಗೂ ಬಿಡ್ಲಿಲ್ಲಮ್ಮ. ನೀವು ಹೋದ್ಮೇಲೆ ಅದ್ರ ಸದ್ದು ಮಾತ್ರ ಕೇಳ್ಲಿಲ್ಲ."

ಈಗ ನಾನು ನಿವೃತ್ತಳು. ಚಿಂತಾಮಣಿಯಲ್ಲಿ ರಸ್ತೆ ಪಕ್ಕದ ಮನೆ, ಒಬ್ಬಳೇ. ಸಂಜೆಯಾದರೆ ಬೈಕುಗಳು ಸಾಲಾಗಿ ಹಾಯುತ್ತವೆ, ಒಂದೊಂದಾಗಿ ಯಾರ ಯಾರದೋ ಮನೆ ಮುಂದೆ ನಿಲ್ಲುತ್ತವೆ. ಇನ್ನೂ ಬಂದಿಲ್ಲವಲ್ಲ ಎಂದು ನಾನು ಬಾಗಿಲಿಗೆ ಬಂದು ನೋಡಬೇಕಾದದ್ದು ಅವುಗಳಲ್ಲಿ ಯಾವುದೂ ಇಲ್ಲ.